ಸಿಯಾಟಲ್‌ನ ನೀರು, ನೆತ್ತರು, ಸುಣ್ಣ

ದೋಣಿಗೆ ಹುಟ್ಟು ಹಾಕಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದ ಡಾಕ್ಟರೊಬ್ಬರಿದ್ದರು ಅಂದರೆ ಶರಾವತಿ ಹಿನ್ನೀರಿನ ಕಡೆಯ ಕಥೆಯಿರಬೇಕು ಅನ್ನಿಸುತ್ತದೆ. ಅಲ್ಲ, ಇದು ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್. ಡಾಕ್ಟರ ಹೆಸರು ಬೆಲ್ಡಿಂಗ್ ಸ್ಕ್ರಿಬ್ನರ್. ಪೋರ್ಟೇಜ್ ಬೇ ಎಂಬ ಪುಟ್ಟ ಕೊಲ್ಲಿಯ ಅಂಚಿನಲ್ಲಿ ಅವರಿಗೊಂದು ತೇಲುವ ಮನೆಯಿತ್ತು. ಬೆಳಿಗ್ಗೆ ಎದ್ದು ಕನೂ ಹತ್ತಿ ಹುಟ್ಟು ಹಾಕಿದರೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಸ್ಪತ್ರೆಯ ದಂಡೆ. ಬಸ್ಸಿಲ್ಲ, ಸಿಗ್ನಲ್ ಇಲ್ಲ.

ಆ ನೀರಿನ ಮೇಲೆ ನಾನೂ ಕೂತೆ. ಮಗ ಹಿಂದೆ, ನಾನು ಮುಂದೆ, ಬಾಡಿಗೆಯ ಕಯಾಕ್. "ಅಪ್ಪ, ಈ ಊರಿಗೆ ಬಂದವರೆಲ್ಲ ಸ್ಪೇಸ್ ನೀಡಲ್ ನೋಡ್ತಾರೆ, ನೀವು ನೋಡಿದರೆ ಆಸ್ಪತ್ರೆ ನೋಡ್ಬೇಕು ಅಂತೀರಲ್ಲ" ಎಂದು ಅವನು ದಾರಿಯುದ್ದಕ್ಕೂ ನಗುತ್ತಿದ್ದ. ಬಲಕ್ಕೆ ಸಾಲು ಸಾಲು ತೇಲುವ ಮನೆಗಳು. ಬಾಗಿಲ ಮುಂದೆ ಹೂವಿನ ಕುಂಡ, ಮೆಟ್ಟಿಲ ಪಕ್ಕದಲ್ಲಿ ಕಟ್ಟಿಹಾಕಿದ ದೋಣಿ, ಒಂದು ಮನೆಯ ಜಗುಲಿಯಲ್ಲಿ ಬಟ್ಟೆ ಒಣಹಾಕಿದ್ದೂ ಕಂಡಿತು. ಎಡಕ್ಕೆ ದೊಡ್ಡ ಆಸ್ಪತ್ರೆ, ಅದರಾಚೆ ಮಾಂಟ್‌ಲೇಕ್ ಕಟ್ ಎನ್ನುವ ಕಾಲುವೆ. ಆ ಕಾಲುವೆ ತೋಡಿ 1916ರಲ್ಲಿ ನೀರು ಬಿಟ್ಟಾಗ ಪಕ್ಕದ ವಾಷಿಂಗ್ಟನ್ ಸರೋವರದ ಮಟ್ಟ ಸುಮಾರು 9 ಅಡಿ ಇಳಿಯಿತಂತೆ. ಊರಿಗೆ ಊರೇ ನೀರಿನ ದಾರಿಯನ್ನು ತಿದ್ದಿಕೊಂಡು ಬದುಕಿದೆ. ಮನುಷ್ಯನ ಮೈಯೊಳಗಿನ ಹರಿವನ್ನು ಹೊರಗೆ ತಂದು, ತೊಳೆದು, ಮತ್ತೆ ಒಳಗೆ ಬಿಡುವ ಯೋಚನೆ ಇಲ್ಲಿ ಬಲಿತದ್ದು ನನಗೇನೂ ಆಕಸ್ಮಿಕ ಅನ್ನಿಸಲಿಲ್ಲ.

ನಾನು ಚಿತ್ರದುರ್ಗದಲ್ಲಿ ಪಿಯು ಕಾಲೇಜಿಗೆ ಕೆಮಿಸ್ಟ್ರಿ ಕಲಿಸಿ ನಿವೃತ್ತನಾದವನು. ನನ್ನ ತಮ್ಮ ಹಲವು ವರ್ಷಗಳಿಂದ ದಾವಣಗೆರೆಯಲ್ಲಿ ಡಯಾಲಿಸಿಸ್ ಮೇಲಿದ್ದಾನೆ. ಒಮ್ಮೆ ಬಚ್ಚಲಲ್ಲಿ ಜಾರಿ ಮುಂಗೈ ಉಳುಕಿಸಿಕೊಂಡಾಗ ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿರಲಿಲ್ಲ. ಆದರೆ ಎರಡು ಮೂಳೆಗಳ ಪಕ್ಕದಲ್ಲಿ ಸಣ್ಣಗೆ, ಒಂದಕ್ಕೊಂದು ಸಮಾನಾಂತರವಾಗಿ ಎರಡು ಬಿಳಿ ಗೆರೆ. "ಇದು ಮೂಳೆ ಅಲ್ಲ, ರಕ್ತನಾಳದ ಗೋಡೆ. ಸುಣ್ಣ ಕಟ್ಟಿದೆ" ಎಂದರು ಡಾಕ್ಟರು. ಎಕ್ಸ್‌ರೇಯಲ್ಲಿ ರಕ್ತನಾಳ ಕಾಣಬಾರದು. ಕಂಡಿತು ಅಂದರೆ ಅದು ಮೆದುವಾಗಿ ಉಳಿದಿಲ್ಲ ಎಂದರ್ಥ. ಆವತ್ತಿನಿಂದ ಈ ಎರಡು ಗೆರೆಯ ಜಾತಕ ಹುಡುಕುತ್ತಾ ಹೋದೆ. ಹುಡುಕಾಟ ಮತ್ತೆ ಮತ್ತೆ ಬಂದು ನಿಂತದ್ದು ಒಂದೇ ಊರಿನ ಮುಂದೆ. ಮಗನಿಗೆ ಕೆಲಸ ಸಿಕ್ಕಿದ್ದೂ ಅದೇ ಊರಿನ ಪಕ್ಕ ಎಂಬುದನ್ನು ಏನೆನ್ನಲಿ!

ಕೃತಕ ಮೂತ್ರಪಿಂಡ ಸ್ಕ್ರಿಬ್ನರ್ ಕಂಡುಹಿಡಿದದ್ದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, ಜರ್ಮನರ ಹಿಡಿತದಲ್ಲಿದ್ದ ನೆದರ್ಲೆಂಡ್ಸ್‌ನ ಕಾಂಪೆನ್ ಊರಿನಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯರು ಅದನ್ನು ಮಾಡಿ ತೋರಿಸಿದ್ದರು. ಕಷ್ಟವಿದ್ದದ್ದು ಬೇರೆ ಕಡೆ. ಪ್ರತಿ ಸಲವೂ ಒಂದು ಅಪಧಮನಿ, ಒಂದು ಅಭಿಧಮನಿ ಕತ್ತರಿಸಿ ಕೊಳವೆ ತೂರಿಸಬೇಕು. ಮುಗಿದ ಮೇಲೆ ಕಟ್ಟಿಹಾಕಬೇಕು. ಕಟ್ಟಿದ ನಾಳ ಮತ್ತೆ ಬಳಕೆಗೆ ಬಾರದು. ಕೆಲವೇ ಸಲಕ್ಕೆ ಕೈಕಾಲಿನ ನಾಳಗಳು ಮುಗಿದುಹೋಗುತ್ತಿದ್ದವು. ಆದ್ದರಿಂದ ತಾತ್ಕಾಲಿಕವಾಗಿ ಮೂತ್ರಪಿಂಡ ಕೆಟ್ಟವರು ಬದುಕುತ್ತಿದ್ದರು. ಪೂರ್ತಿ ಕೆಟ್ಟವರನ್ನು ಮನೆಗೆ ಕಳಿಸಿಬಿಡುತ್ತಿದ್ದರು.

ಸ್ಕ್ರಿಬ್ನರ್‌ಗೆ ಹೊಳೆದ ಉಪಾಯ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಕೊಳವೆಯನ್ನು ತೆಗೆಯುವುದೇ ಬೇಡ. ಅಪಧಮನಿಗೊಂದು, ಅಭಿಧಮನಿಗೊಂದು ಕೊಳವೆ ಕೂರಿಸಿ, ಚಿಕಿತ್ಸೆಯಿಲ್ಲದ ದಿನಗಳಲ್ಲಿ ಎರಡನ್ನೂ ತೋಳಿನ ಹೊರಗೆ ಒಂದು ಬಾಗಿದ ತುಂಡಿನಿಂದ ಜೋಡಿಸಿಬಿಡುವುದು. ರಕ್ತ ಆ ಹೊರದಾರಿಯಲ್ಲಿ ಓಡಾಡಿಕೊಂಡಿರಲಿ. ಆದರೆ ಹೊರಗಿನ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಬೇಕಲ್ಲ? ಆಗಷ್ಟೇ ಬಳಕೆಗೆ ಬರುತ್ತಿದ್ದ ಟೆಫ್ಲಾನ್‌ಗೆ ಏನೂ ಅಂಟುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಉಪಕರಣಗಳನ್ನು ಮಾಡಿಕೊಡುತ್ತಿದ್ದ ಎಂಜಿನಿಯರ್ ವೇಯ್ನ್ ಕ್ವಿಂಟನ್ ಆ ಹಟಮಾರಿ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಬಗ್ಗಿಸುವುದನ್ನು ಸಾಧಿಸಿದರು. 1960ರ ಮಾರ್ಚ್ 9ರಂದು, ಇದೇ ದಂಡೆಯ ಆಸ್ಪತ್ರೆಯಲ್ಲಿ, ಬೋಯಿಂಗ್ ಕಾರ್ಖಾನೆಯ ಮೆಷಿನಿಸ್ಟ್ ಕ್ಲೈಡ್ ಶೀಲ್ಡ್ಸ್ ಅವರ ತೋಳಿಗೆ ಅದನ್ನು ಕೂರಿಸಿದರು. ಆಸ್ಪತ್ರೆ ತೆರೆದು ಆಗ ಒಂದು ವರ್ಷವೂ ಆಗಿರಲಿಲ್ಲ. ಸಾಯಲಿದ್ದ ಶೀಲ್ಡ್ಸ್ ಎದ್ದು ಓಡಾಡಿದರು. ವಾರಗಳ ಲೆಕ್ಕದಲ್ಲಿದ್ದ ಆಯುಷ್ಯ ವರ್ಷಗಳ ಲೆಕ್ಕಕ್ಕೆ ಬಂತು.

ಹುಟ್ಟು ಹಾಕುವುದನ್ನು ನಿಲ್ಲಿಸಿ ಆ ಕಟ್ಟಡವನ್ನೇ ನೋಡುತ್ತಾ ಕೂತೆ. ಇವತ್ತು ದಾವಣಗೆರೆಯಲ್ಲಿ ನನ್ನ ತಮ್ಮ ಮಲಗುವ ಹಾಸಿಗೆಯ ಮೂಲಬೇರು ಇಲ್ಲಿದೆ. ಸ್ಕ್ರಿಬ್ನರ್ 2003ರ ಜೂನ್‌ನಲ್ಲಿ ಇದೇ ನೀರಿನಲ್ಲಿ, ತಮ್ಮ ತೇಲುಮನೆಯ ಹತ್ತಿರವೇ ಮುಳುಗಿ ತೀರಿಕೊಂಡರು. ಅದರ ಹಿಂದಿನ ವರ್ಷವಷ್ಟೇ ಕೋಲ್ಫ್ ಮತ್ತು ಅವರಿಗೆ ಒಟ್ಟಿಗೆ ಲಾಸ್ಕರ್ ಪ್ರಶಸ್ತಿ ಬಂದಿತ್ತು.

ಫರ್ಸ್ಟ್ ಹಿಲ್ ಎಂಬ ಏರು ಹತ್ತುವಾಗ ಮೊಣಕಾಲು ಮಾತಾಡತೊಡಗಿತು. ಆಸ್ಪತ್ರೆಗಳೇ ತುಂಬಿರುವ ಈ ಗುಡ್ಡವನ್ನು ಊರವರು ಪಿಲ್ ಹಿಲ್, ಅಂದರೆ ಗುಳಿಗೆ ಗುಡ್ಡ ಎನ್ನುತ್ತಾರೆ. 1962ರ ಜನವರಿಯಲ್ಲಿ ಇಲ್ಲಿನ ಸ್ವೀಡಿಷ್ ಆಸ್ಪತ್ರೆಯ ನರ್ಸ್‌ಗಳ ವಸತಿಗೃಹದ ನೆಲಮಾಳಿಗೆಯಲ್ಲಿ ಮೂರು ಹಾಸಿಗೆಯ ಕೇಂದ್ರವೊಂದು ತೆರೆಯಿತು. ಆಸ್ಪತ್ರೆಯ ವಾರ್ಡಿನ ಹೊರಗೆ ಡಯಾಲಿಸಿಸ್‌ಗೆಂದೇ ಶುರುವಾದ ಲೋಕದ ಮೊದಲ ಕೇಂದ್ರ ಅದು. ಹಾಸಿಗೆ ಮೂರು, ಬೇಕಾದವರು ಎಷ್ಟೋ. ಯಾರಿಗೆ ಕೊಡಬೇಕು ಎಂದು ತೀರ್ಮಾನಿಸಲು ಏಳು ಜನರ ಸಮಿತಿ ಕೂತಿತು: ವಕೀಲ, ಪಾದ್ರಿ, ಬ್ಯಾಂಕಿನವರು, ಗೃಹಿಣಿ, ಸರ್ಕಾರಿ ಅಧಿಕಾರಿ, ಕಾರ್ಮಿಕ ಮುಖಂಡ, ಶಸ್ತ್ರವೈದ್ಯ. ಆ ವರ್ಷದ ನವೆಂಬರ್‌ನಲ್ಲಿ 'ಲೈಫ್' ಪತ್ರಿಕೆ ಇದನ್ನು ಬಯಲಿಗೆ ತಂದಾಗ ದೇಶವೇ ಬೆಚ್ಚಿತು. ವೈದ್ಯಕೀಯ ನೀತಿಶಾಸ್ತ್ರದ ಪಾಠದಲ್ಲಿ ಇಂದಿಗೂ ಆ ಸಮಿತಿಯನ್ನು ಬೈಯುತ್ತಾರೆ. ನನಗೇಕೋ ಪೂರ್ತಿ ಬೈಯಲು ಮನಸ್ಸು ಬರಲಿಲ್ಲ. ನಮ್ಮಲ್ಲಿ ಅದೇ ತೀರ್ಮಾನವನ್ನು ಬಹಳ ಕಾಲ ಜೇಬು ಮಾಡುತ್ತಿತ್ತು, ಅದಕ್ಕೆ ಸಮಿತಿಯೂ ಬೇಕಿರಲಿಲ್ಲ. ಅಮೆರಿಕದಲ್ಲಿ 1972ರ ಕಾನೂನು ಬಂದು, ಮುಂದಿನ ವರ್ಷದ ಜುಲೈನಿಂದ ಖರ್ಚನ್ನು ಸರ್ಕಾರವೇ ಹೊತ್ತುಕೊಂಡಿತು.

ಆ ಮೂರು ಹಾಸಿಗೆಯ ಕೇಂದ್ರವೇ ಬೆಳೆದು ಈಗ ನಾರ್ತ್‌ವೆಸ್ಟ್ ಕಿಡ್ನಿ ಸೆಂಟರ್ಸ್ ಆಗಿದೆ. ಅವರದೊಂದು ಡಯಾಲಿಸಿಸ್ ಮ್ಯೂಸಿಯಂ ಇದೆ. ಜಗತ್ತಿನಲ್ಲಿ ಎಂತೆಂಥದಕ್ಕೋ ಮ್ಯೂಸಿಯಂ ಇರುತ್ತದೆ. ಇದಕ್ಕೂ ಒಂದಿದೆಯಲ್ಲ ಎಂದು ಮಗುವಿನ ಖುಷಿಯಲ್ಲಿ ಹೋದೆ. ಕೀಲ್ ಎಂಬ ಹಳೆಯ ಡಯಲೈಸರ್ ಕಾಲದ ಕಥೆ ನನ್ನನ್ನು ಹಿಡಿದು ನಿಲ್ಲಿಸಿತು. ಉದ್ದನೆಯ ಗೀರುಹಲಗೆಗಳು, ನಡುವೆ ಸೆಲ್ಲೋಫೇನ್ ಜಾತಿಯ ತೆಳು ಹಾಳೆ, ಸುತ್ತ ಬೋಲ್ಟು. ಪ್ರತಿ ಸಲ ಬಿಚ್ಚಿ, ತೊಳೆದು, ಹೊಸ ಹಾಳೆ ಹಾಸಿ, ಸೋರುತ್ತದೆಯೇ ನೋಡಿ ಮತ್ತೆ ಬಿಗಿಯಬೇಕು. ಹಾಳೆಯ ಒಂದು ಮಗ್ಗುಲಲ್ಲಿ ರಕ್ತ, ಇನ್ನೊಂದು ಮಗ್ಗುಲಲ್ಲಿ ಲವಣದ ನೀರು. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಎಷ್ಟೋ ಬ್ಯಾಚಿಗೆ ನಾನು ಒದರಿದ ವಿಸರಣದ ಪಾಠ, ಇಲ್ಲಿ ಮನುಷ್ಯನ ಗಾತ್ರಕ್ಕೆ ಬೆಳೆದು ಮಲಗಿತ್ತು. 1964ರಲ್ಲಿ ಇದೇ ವಿಶ್ವವಿದ್ಯಾಲಯದ ಪರಮಾಣು ಎಂಜಿನಿಯರಿಂಗ್ ಪ್ರೊಫೆಸರ್ ಆಲ್ಬರ್ಟ್ ಬ್ಯಾಬ್, ಸಮಿತಿ ಒಪ್ಪದೆ ಬಿಟ್ಟ ಹದಿಹರೆಯದ ಹುಡುಗಿಯೊಬ್ಬಳಿಗಾಗಿ ಕೆಲವೇ ತಿಂಗಳಲ್ಲಿ ಮನೆಯಲ್ಲೇ ಇಟ್ಟುಕೊಳ್ಳುವ ಯಂತ್ರ ಕಟ್ಟಿಕೊಟ್ಟರು. ರಿಯಾಕ್ಟರ್ ಓದಿದವನು ಕಿಡ್ನಿಗೆ ಬಂದ!

ಇಲ್ಲಿಯವರೆಗೂ ಕಥೆ ಗೆಲುವಿನದು. ಕ್ಲೈಡ್ ಶೀಲ್ಡ್ಸ್ ಹನ್ನೊಂದು ವರ್ಷ ಬದುಕಿ 1971ರಲ್ಲಿ ತೀರಿಕೊಂಡರು. ಮೂತ್ರಪಿಂಡದಿಂದಲ್ಲ, ಹೃದಯಾಘಾತದಿಂದ.

ಮಾರನೆಯ ದಿನ ಬಿಸಿಲು ಬಂತು. ವಿಶ್ವವಿದ್ಯಾಲಯದ ಕಾರಂಜಿಯ ಹತ್ತಿರ ನಿಂತರೆ ಮರಗಳ ಸಾಲಿನ ನಡುವೆ ನೇರ ಎದುರಿಗೆ ಮೌಂಟ್ ರೇನಿಯರ್, 14,410 ಅಡಿ, ಮೈತುಂಬ ಹಿಮ. ಎಷ್ಟೋ ದಿನ ಮೋಡದಲ್ಲಿ ಇಲ್ಲವೇ ಇಲ್ಲವೆಂಬಂತೆ ಅಡಗಿದ್ದು, ಒಂದು ದಿನ ಇದ್ದಕ್ಕಿದ್ದಂತೆ ಊರಿನ ಮೇಲೆ ಎದ್ದು ನಿಲ್ಲುತ್ತದೆ. ಅಲ್ಲೊಂದು ಕಲ್ಲುಬೆಂಚಿನ ಮೇಲೆ ಕೂತು ಮಗನ ಲ್ಯಾಪ್‌ಟಾಪಿನಲ್ಲಿ 1974ರ ಒಂದು ಲೇಖನ ಓದಿದೆ. ಬರೆದವರು ಲಿಂಡ್ನರ್, ಶಾರ್ರಾ, ಶೆರಾರ್ಡ್, ಕೊನೆಗೆ ಸ್ವತಃ ಸ್ಕ್ರಿಬ್ನರ್. 1960ರಿಂದ 1966ರೊಳಗೆ ಸಿಯಾಟಲ್‌ನಲ್ಲಿ ಡಯಾಲಿಸಿಸ್ ಶುರುಮಾಡಿದ 39 ಮಂದಿಯ ಲೆಕ್ಕ ಅದು. ಅರ್ಧಕ್ಕಿಂತ ಹೆಚ್ಚು ಮಂದಿ ಹೋಗಿದ್ದರು. ಅವರಲ್ಲಿ 14 ಮಂದಿಯ ಸಾವಿಗೆ ಕಾರಣ ರಕ್ತನಾಳಗಳು: 8 ಹೃದಯಾಘಾತ, 3 ಪಾರ್ಶ್ವವಾಯು, 3 ಹೃದಯ ಸೋತದ್ದು. ಡಯಾಲಿಸಿಸ್ ಮೇಲಿದ್ದವರ ನಾಳಗಳು ವಯಸ್ಸಿಗಿಂತ ಬಹಳ ಬೇಗ ಹಣ್ಣಾಗುತ್ತಿವೆ ಎಂದು, ಆ ಚಿಕಿತ್ಸೆಯನ್ನು ಕಟ್ಟಿದವರೇ, ತಮ್ಮದೇ ರೋಗಿಗಳ ಸಾವನ್ನು ಎಣಿಸಿ, ಐದು ಪುಟದಲ್ಲಿ ಅಚ್ಚು ಹಾಕಿಸಿದ್ದರು.

ಹೀಗೇಕಾಗುತ್ತದೆ? ನಮ್ಮ ಕಡೆಯ ಬೋರ್‌ವೆಲ್ ನೀರು ಕಂಡವರಿಗೆ ಮೊದಲು ನೆನಪಾಗುವುದು ಗೀಸರ್ ಕಾಯಿಲ್. ಗಡಸು ನೀರು ಕಾಯಿಸಿ ಕಾಯಿಸಿ ಬಿಳಿ ಸುಣ್ಣ ಕಟ್ಟಿಕೊಳ್ಳುತ್ತದಲ್ಲ, ಹಾಗೇ ಎಂದು ನಾನೂ ತಿಳಿದಿದ್ದೆ, ವೈದ್ಯರಲ್ಲೂ ಬಹಳ ಮಂದಿ ಬಹಳ ಕಾಲ ಹಾಗೇ ತಿಳಿದಿದ್ದರು. ರಕ್ತದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಹೆಚ್ಚಾದರೆ ಗೋಡೆಗೆ ಕೂರುತ್ತದೆ, ಮುಗಿಯಿತು. ಆದರೆ ಗೀಸರಿನ ತಾಮ್ರ ಸುಮ್ಮನೆ ಇರುತ್ತದೆ. ರಕ್ತನಾಳ ಸುಮ್ಮನಿರುವುದಿಲ್ಲ. ಅದು ಮೂಳೆ ಕಟ್ಟುತ್ತದೆ.

ಇದನ್ನು ಬಟ್ಟಲಲ್ಲಿ ತೋರಿಸಿದವರೂ ಇದೇ ವಿಶ್ವವಿದ್ಯಾಲಯದವರು. 2000ದಲ್ಲಿ ಬಯೋಎಂಜಿನಿಯರಿಂಗ್ ವಿಭಾಗದ ಸಿಸಿಲಿಯಾ ಜಿಯಾಕೆಲ್ಲಿ, ಜಪಾನಿನಿಂದ ಬಂದಿದ್ದ ಶೂಯಿಚಿ ಜೋನೋ ಮತ್ತಿತರರು ಮನುಷ್ಯರ ರಕ್ತನಾಳದ ಸ್ನಾಯುಕೋಶಗಳನ್ನು ಬೆಳೆಸಿ ಎರಡು ಬಗೆಯ ದ್ರವದಲ್ಲಿಟ್ಟರು. ಲೀಟರಿಗೆ 1.4 ಮಿಲಿಮೋಲ್ ಫಾಸ್ಫೇಟ್ ಇದ್ದಲ್ಲಿ ಕೋಶಗಳು ಸ್ನಾಯುವಾಗಿಯೇ ಉಳಿದವು. 2 ಮಿಲಿಮೋಲ್ ಇದ್ದಲ್ಲಿ ಸುಣ್ಣ ಕಟ್ಟಿತು. ಅಷ್ಟೇ ಆಗಿದ್ದರೆ ಗೀಸರಿನ ಕಥೆಯೇ. ಆ ಕೋಶಗಳು ಮೂಳೆ ಕಟ್ಟುವ ಕೋಶಗಳಲ್ಲಿ ಮಾತ್ರ ಇರಬೇಕಾದ ಪ್ರೋಟೀನುಗಳನ್ನು ತಯಾರಿಸತೊಡಗಿದ್ದವು. ಫಾಸ್ಫೇಟ್ ಕೋಶದೊಳಗೆ ಹೋಗುವ ಬಾಗಿಲನ್ನು ಮುಚ್ಚುವ ರಾಸಾಯನಿಕ ಹಾಕಿದರೆ ಸುಣ್ಣವೂ ನಿಂತಿತು. ಫಾಸ್ಫೇಟ್ ಇಲ್ಲಿ ಬರೀ ಗಾರೆಯ ಸಾಮಾನಲ್ಲ, ಕೋಶಕ್ಕೆ ಹೊಸ ಕೆಲಸ ಹೇಳುವ ಮೇಸ್ತ್ರಿಯೂ ಹೌದು.

ನಾನು ಬಸ್ ಟಿಕೆಟ್ಟಿನ ಬೆನ್ನ ಮೇಲೆ ಲೆಕ್ಕ ಹಾಕಿದೆ. 1.4 ಎಂದರೆ ನಮ್ಮ ಲ್ಯಾಬಿನ ಭಾಷೆಯಲ್ಲಿ ಡೆಸಿಲೀಟರಿಗೆ ಸುಮಾರು 4.3 ಮಿಲಿಗ್ರಾಂ, ಆರೋಗ್ಯವಂತನ ಮಟ್ಟ. 2 ಎಂದರೆ 6.2. ನನ್ನ ತಮ್ಮನ ತಿಂಗಳ ರಿಪೋರ್ಟಿನಲ್ಲಿ ಫಾಸ್ಫರಸ್ ಆರರ ಕೆಳಗೆ ಇಳಿದದ್ದು ಅಪರೂಪ. ಸಿಯಾಟಲ್‌ನ ಬಟ್ಟಲಲ್ಲಿದ್ದದ್ದೂ ಅವನ ತೋಳಲ್ಲಿರುವುದೂ ಒಂದೇ ದ್ರಾವಣ. ಬೆಂಚಿನ ಮೇಲೆ ಕೂತವನು ಸ್ವಲ್ಪ ಹೊತ್ತು ಏಳಲಿಲ್ಲ.

ಅದಕ್ಕಿಂತ ಬೆರಗಿನದು ಇನ್ನೊಂದು. ನಮ್ಮೆಲ್ಲರ ರಕ್ತದಲ್ಲೂ ಕ್ಯಾಲ್ಸಿಯಂ, ಫಾಸ್ಫೇಟ್ ಎಷ್ಟಿದೆಯೆಂದರೆ, ಬರೀ ರಸಾಯನಶಾಸ್ತ್ರದ ಲೆಕ್ಕದಲ್ಲಿ ಅವು ಕೂಡಿ ಗಟ್ಟಿಯಾಗಲೇಬೇಕು. ಹಾಗಿದ್ದರೆ ನಾವೆಲ್ಲ ಯಾಕೆ ಕಲ್ಲಾಗಿಲ್ಲ? ಕಾವಲಿದೆ. ಫೆಟುಯಿನ್ ಎಂಬ ಪ್ರೋಟೀನ್ ರಕ್ತದಲ್ಲಿ ತಿರುಗುತ್ತಾ ಹುಟ್ಟುವ ಹರಳನ್ನು ಹುಟ್ಟುತ್ತಲೇ ಸುತ್ತಿಕೊಳ್ಳುತ್ತದೆ. ಮೇಟ್ರಿಕ್ಸ್ ಗ್ಲಾ ಪ್ರೋಟೀನ್ ಎಂಬುದು ನಾಳದ ಗೋಡೆಯಲ್ಲೇ ಕೂತು ಕಾಯುತ್ತದೆ; ಅದು ಕೆಲಸ ಮಾಡಲು ವಿಟಮಿನ್ ಕೆ ಬೇಕು. 1997ರಲ್ಲಿ ವಿಜ್ಞಾನಿಗಳು ಈ ಒಂದೇ ಪ್ರೋಟೀನ್ ಇಲ್ಲದ ಇಲಿಗಳನ್ನು ಹುಟ್ಟಿಸಿದರು. ಹುಟ್ಟುವಾಗ ಸರಿಯಿದ್ದವು ಎರಡು ತಿಂಗಳೊಳಗೆ ಮಹಾಪಧಮನಿ ಸುಣ್ಣವಾಗಿ, ಒಡೆದು ಸತ್ತವು. ಮೆದುವಾಗಿರುವುದು ರಕ್ತನಾಳಕ್ಕೆ ತಾನಾಗಿ ಬಂದ ಗುಣವಲ್ಲ. ಉಸಿರಿರುವಷ್ಟು ಕಾಲ ಯಾರೋ ಕಾದು ಉಳಿಸಿಕೊಟ್ಟ ಗುಣ. ಮೂತ್ರಪಿಂಡ ನಿಂತವರಲ್ಲಿ ಫಾಸ್ಫೇಟ್ ಏರುವುದಷ್ಟೇ ಅಲ್ಲ, ಈ ಕಾವಲೂ ಸೊರಗುತ್ತದೆ.

ಗೋಡೆ ಗಟ್ಟಿಯಾದರೆ ಹೃದಯಕ್ಕೇನು? ಹೃದಯ ಒತ್ತಿದಾಗ ಮಹಾಪಧಮನಿ ಹಿಗ್ಗಿ ಸ್ವಲ್ಪ ರಕ್ತವನ್ನು ತನ್ನಲ್ಲಿಟ್ಟುಕೊಂಡು, ಹೃದಯ ಸಡಿಲಾದಾಗ ಕುಗ್ಗಿ ಅದನ್ನು ಮುಂದೆ ದೂಡಬೇಕು. ಹೃದಯದ ಸ್ವಂತ ನಾಳಗಳಿಗೆ ರಕ್ತ ಹೆಚ್ಚಾಗಿ ಸಿಗುವುದು ಈ ಸಡಿಲದ ಹೊತ್ತಿನಲ್ಲೇ. ಹಿಗ್ಗದ ನಾಳವಾದರೆ ಮೇಲಿನ ಬಿಪಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. ಹೃದಯಕ್ಕೆ ಕೆಲಸ ಜಾಸ್ತಿ, ಊಟ ಕಮ್ಮಿ. ಉಳಿದವರ ಹೃದಯಾಘಾತಕ್ಕೆ ಕಾರಣವಾಗುವ ಕೊಬ್ಬಿನ ಗಡ್ಡೆ ನಾಳದ ಒಳಪದರದ್ದು. ಡಯಾಲಿಸಿಸ್‌ನವರಲ್ಲಿ ಅದರ ಜೊತೆಗೆ ನಡುಪದರವೇ ಉದ್ದಕ್ಕೂ ಸುಣ್ಣವಾಗುತ್ತದೆ. ಎಕ್ಸ್‌ರೇಯಲ್ಲಿ ಎರಡು ಗೆರೆಯಾಗಿ ಕಾಣುವುದು ಅದೇ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆ ಬೇರೆಯವರಿಗೆ ಕೊಟ್ಟಷ್ಟು ಲಾಭವನ್ನು ಇವರಿಗೆ ಕೊಡಲಿಲ್ಲ ಎಂದು 2005 ಮತ್ತು 2009ರ ದೊಡ್ಡ ಪ್ರಯೋಗಗಳು ತೋರಿಸಿದ್ದೂ ಬಹುಶಃ ಇದರಿಂದಲೇ.

ವಯಸ್ಸಾದವರ ಕಥೆ ಎಂದುಕೊಳ್ಳುವ ಹಾಗೂ ಇಲ್ಲ. ಅದೇ 2000ದಲ್ಲಿ ಲಾಸ್ ಏಂಜಲಿಸ್‌ನ ಗುಡ್‌ಮನ್ ಮತ್ತವರ ಸಂಗಡಿಗರು ಡಯಾಲಿಸಿಸ್ ಮೇಲಿದ್ದ 39 ಎಳೆಯರ ಹೃದಯದ ಸ್ಕ್ಯಾನ್ ಮಾಡಿದರು. ಇಪ್ಪತ್ತರೊಳಗಿನ ಒಬ್ಬರಲ್ಲೂ ಸುಣ್ಣವಿರಲಿಲ್ಲ. ಇಪ್ಪತ್ತರಿಂದ ಮೂವತ್ತರವರೆಗಿನ 16 ಮಂದಿಯಲ್ಲಿ 14 ಮಂದಿಯಲ್ಲಿತ್ತು. ಮತ್ತೆ 39, ಮತ್ತೆ 14. ಸಂಖ್ಯೆಗಳ ಈ ಆಟಕ್ಕೆ ಅರ್ಥವಿಲ್ಲ, ಗೊತ್ತು. ಆದರೂ ಮೈ ಜುಮ್ಮೆಂದಿತು.

ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಇಲ್ಲಿ ರಾತ್ರಿಯಾದರೆ ಅಲ್ಲಿ ಬೆಳಿಗ್ಗೆ, ಅವನು ಮಿಷನ್ ಮೇಲೆ. ಹಿಂದೆ ಪಂಪಿನ ಸದ್ದು.

"ಏನಣ್ಣ, ಆ ಡಾಕ್ಟರ್ ಮನೆ ಸಿಕ್ತಾ?"

"ಮನೆ ಇರೋ ನೀರು ಸಿಕ್ತು ಮಾರಾಯ. ನಿಂಗೆಷ್ಟು ಗಂಟೆ ಇವತ್ತು?"

"ನಾಕು ಅಂತಾರೆ. ಮೂರೂವರೆಗೆ ತೆಗೀರಿ ಅಂತ ನಾನೇ ಹೇಳ್ತೀನಿ, ಕಾಲು ಹಿಡ್ಕಂತಾವೆ."

ಈ ಅರ್ಧ ಗಂಟೆಯ ಮೇಲೆ ನಮ್ಮಿಬ್ಬರ ಜಗಳ ಹಳೆಯದು. ಈ ಸಲ ನನ್ನ ಹತ್ತಿರ ಸಿಯಾಟಲ್‌ನ ಸಾಕ್ಷಿಯಿತ್ತು. ವಾರಕ್ಕೆ 168 ಗಂಟೆ. ನಮ್ಮ ಕಡೆ ಬಹಳ ಮಂದಿಗೆ ಡಯಾಲಿಸಿಸ್ ವಾರಕ್ಕೆ ಎರಡೇ ಸಲ, ಅಂದರೆ ಎಂಟು ಗಂಟೆ. ಒಳ್ಳೆಯ ಮೂತ್ರಪಿಂಡ 168 ಗಂಟೆಯೂ ದುಡಿಯುತ್ತದೆ. ದಿನದ ಊಟದಲ್ಲಿ ಒಂದು ಗ್ರಾಂ ಆಸುಪಾಸಿನ ರಂಜಕ, ಅಂದರೆ ಫಾಸ್ಫರಸ್, ಇರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರಕ್ತಕ್ಕೆ ಇಳಿಯುತ್ತದೆ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ತೆಗೆಯುವುದು ಹೆಚ್ಚೆಂದರೆ ಒಂದು ಗ್ರಾಂ. ಫಾಸ್ಫೇಟ್ ಕೋಶಗಳ ಒಳಗೆ, ಮೂಳೆಯಲ್ಲಿ ಅವಿತಿರುತ್ತದೆ. ರಕ್ತಕ್ಕೆ ನಿಧಾನ ಬರುತ್ತದೆ. ಅವಸರ ಮಾಡಿದರೆ ಹೊರಗೆ ಬರುವುದಿಲ್ಲ. 1974ರ ಲೇಖನದ ಶಾರ್ರಾ ಫ್ರಾನ್ಸಿಗೆ ಮರಳಿ, ಲಿಯೋನ್ ಪಕ್ಕದ ತಾಸ್ಸಾನ್‌ನಲ್ಲಿ ವಾರಕ್ಕೆ ಮೂರು ಸಲ, ಸಲಕ್ಕೆ ಎಂಟು ಗಂಟೆಯ ನಿಧಾನ ಡಯಾಲಿಸಿಸ್ಸನ್ನು ಹಿಡಿದು ಕೂತರು. ಅಲ್ಲಿನ ಬಹುಪಾಲು ರೋಗಿಗಳ ಬಿಪಿ ಗುಳಿಗೆಯಿಲ್ಲದೆ ಹದಕ್ಕೆ ಬಂತು. ಬದುಕಿದ ವರ್ಷಗಳಲ್ಲೂ ಆ ಕೇಂದ್ರ ಹೆಸರು ಮಾಡಿತು. 

ಉಳಿದ ರಂಜಕಕ್ಕೆ ಗುಳಿಗೆ. ಮೊದಲು ಅಲ್ಯೂಮಿನಿಯಂ ಕೊಟ್ಟರು. ಅದು ಮೆದುಳು, ಮೂಳೆಗಳನ್ನು ಕೆಡಿಸಿತು. ಆಮೇಲೆ ಕ್ಯಾಲ್ಸಿಯಂ ಕೊಟ್ಟರು. ಹೆಚ್ಚಾದರೆ ಅದೇ ಸುಣ್ಣಕ್ಕೆ ಸೇರುತ್ತದೆಂಬ ಅನುಮಾನ ಬಂತು. ಈಗ ಎರಡೂ ಇಲ್ಲದ ಸೆವೆಲಮರ್ ಇದೆ, ಬೆಲೆ ಜಾಸ್ತಿ. ಗುಳಿಗೆ ನುಂಗಿ ಫಾಸ್ಫರಸ್ ಇಳಿಸಿದ ಮಾತ್ರಕ್ಕೆ ಆಯುಷ್ಯ ಇಷ್ಟು ಹೆಚ್ಚುತ್ತದೆ ಎಂದು ದೊಡ್ಡ ಪ್ರಯೋಗಗಳು ಇನ್ನೂ ಖಚಿತವಾಗಿ ತೋರಿಸಿಲ್ಲ. ಕಟ್ಟಿದ ಸುಣ್ಣವನ್ನು ಕರಗಿಸುವ ಔಷಧಿಯೂ ಕೈಗೆ ಬಂದಿಲ್ಲ. ಇದನ್ನೂ ತಮ್ಮನಿಗೆ ಮುಚ್ಚಿಡಲಿಲ್ಲ. "ಹಂಗಾದ್ರೆ ಕಟ್ಟದಂಗೆ ನೋಡ್ಕಬೇಕು ಅನ್ನು" ಎಂದ. ಅಷ್ಟೇ ಎಂದೆ. ಆವತ್ತು ನಾಲ್ಕು ಗಂಟೆ ಪೂರ್ತಿ ಮಲಗಿದನಂತೆ, ನಾದಿನಿ ಮೆಸೇಜ್ ಹಾಕಿದ್ದಳು.

ನನ್ನನ್ನು ಕೇಳಿದರೆ ಸಿಯಾಟಲ್‌ನಲ್ಲಿ ನೋಡಲೇಬೇಕಾದದ್ದು ಆ ಐದು ಪುಟ. ಲೋಕವೆಲ್ಲ ಹೊಗಳುತ್ತಿದ್ದ ಹೊತ್ತಿಗೆ ತಮ್ಮ ಕೆಲಸದ ಕೊರತೆಯನ್ನು ತಾವೇ ಎಣಿಸಿ ಹೇಳುವ ಎದೆಗಾರಿಕೆ ದೊಡ್ಡದು.

ನಿಮ್ಮ ಮನೆಯಲ್ಲೂ ಯಾರಾದರೂ ಡಯಾಲಿಸಿಸ್ ಮೇಲಿದ್ದರೆ, ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್, ಪೊಟ್ಯಾಸಿಯಂ ನೋಡಿ ಮಡಚಿಡಬೇಡಿ. ಫಾಸ್ಫರಸ್, ಕ್ಯಾಲ್ಸಿಯಂ, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ಎಷ್ಟಿದೆ ಎಂದು ಡಾಕ್ಟರನ್ನು ಕೇಳಿ. ಫಾಸ್ಫೇಟ್ ಹಿಡಿಯುವ ಗುಳಿಗೆಯನ್ನು ಊಟದ ಜೊತೆಗೇ ಕೊಡಿ, ಬರಿಹೊಟ್ಟೆಯಲ್ಲಿ ಅದಕ್ಕೆ ಹಿಡಿಯಲು ಏನೂ ಇರುವುದಿಲ್ಲ. ಬೇಳೆ, ರಾಗಿಯ ರಂಜಕ ಮೈಗೆ ಹತ್ತುವುದು ಭಾಗಶಃ. ಕೋಲಾ ಮತ್ತು ಪ್ಯಾಕೆಟ್ ತಿಂಡಿಗೆ ಬೆರೆಸಿದ ಫಾಸ್ಫೇಟ್ ಬಹುಪಾಲು ಹತ್ತುತ್ತದೆ, ಮೊದಲು ಅದನ್ನು ಬಿಡಿಸಿ. ಮತ್ತೆ, ಮಿಷನ್ನಿನಿಂದ ಅರ್ಧ ಗಂಟೆ ಮುಂಚೆ ಏಳುತ್ತೇನೆ ಅಂದರೆ ಏಳಲು ಬಿಡಬೇಡಿ.